ಮೂಕಾಸುರನ ಸಂಭಾಷಣೆ

ಕುಂದಾಪುರದ ಬದಿಯಲ್ಲಿ ಗೆರೆ ಎಳೆಯುವವರಿಗೆ ಬರ ಇಲ್ಲ. ವ್ಯಂಗ್ಯಚಿತ್ರಕಾರ ಸತೀಶ್ ಆಚಾರ್ಯರ ಊರಿದು. ಕಾರ್ಟೂನು ಹಬ್ಬ ನಡೆಯುವ ಊರು. ಹೊಳೆಯಾಚೆಯ ಪಂಜು ಗಂಗೊಳ್ಳಿಯವರು ಮುಂಬಯಿಯಲ್ಲಿ ಕಾರ್ಟೂನು ಬರೆದದ್ದು ಸಾಲದು ಅಂತ ಕುಂದಾಪ್ರ ಕನ್ನಡಕ್ಕೆ ನಿಘಂಟನ್ನೂ ಮಾಡಿಟ್ಟರು. 1967ರಲ್ಲಿ ಅಮರ ಚಿತ್ರ ಕಥೆ ಶುರು ಮಾಡಿದ ಅನಂತ ಪೈ ಹುಟ್ಟಿದ್ದು ಇಲ್ಲೇ ಕಾರ್ಕಳದಲ್ಲಿ. ಹೀಗೆ ಚಿತ್ರಗಾರರೆಲ್ಲ ಸಾಲುಗಟ್ಟಿ ನಿಂತಿರುವಾಗ ಕಾಮಿಕ್ಸ್ ಪುಸ್ತಕಕ್ಕೆ ಕೊರತೆ ಇರುವುದು ಒಬ್ಬ ಕಥೆಗಾರನದು ಎಂದು ನನಗೆ ನಿವೃತ್ತಿಯಾದ ಮೇಲೆ ಹೊಳೆಯಿತು. ಆ ಕಥೆಗಾರ ಯಾರು ಎಂಬ ಸಂಶಯ ಮಾತ್ರ ಒಂದು ಕ್ಷಣವೂ ಬರಲಿಲ್ಲ.

ಚಿತ್ರಗಾರನೂ ಸಿಕ್ಕಿದ. ನನ್ನದೇ ಹಳೆಯ ಶಿಷ್ಯ, ಗಂಗೊಳ್ಳಿಯ ಮಾಣಿ. ಹಳಗನ್ನಡ ಪಾಠದ ನಡುವೆ ನನ್ನ ಮೂಗು ಬರೆದದ್ದಕ್ಕೆ ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೆ. ಮೂಗು ಸರಿಯಾಗಿಯೇ ಬಂದಿತ್ತು. ಸಿಟ್ಟು ಬಂದದ್ದೂ ಅದಕ್ಕೇ. ನಮ್ಮ ಕೋಡಿಯಲ್ಲಿ ನಿಂತರೆ ಅವನ ಊರು ಎದುರಿಗೇ ಕಾಣುತ್ತದೆ, ನಡುವೆ ಪಂಚಗಂಗಾವಳಿ. ಬಸ್ಸು ಹತ್ತಿದಿರೋ, ಹೆಮ್ಮಾಡಿ, ತ್ರಾಸಿ ಅಂತ ಊರೆಲ್ಲ ಸುತ್ತಿಸಿ ತಲುಪಿಸುತ್ತದೆ. ನನ್ನ ವಾಕ್ಯಗಳೂ ಅದೇ ರೂಟಿನವು ಎಂದು ಅವನು ಆಮೇಲೆ ಹೇಳಿದ.

ಕಥೆಗೆ ನಾನು ಆರಿಸಿಕೊಂಡದ್ದು ಕೊಲ್ಲೂರಿನ ಸ್ಥಳಪುರಾಣದ ಮೂಕಾಸುರನನ್ನು. ತಪಸ್ಸು ಮಾಡಿ ಶಿವನನ್ನು ಒಲಿಸಿಕೊಂಡು, ಇನ್ನೇನು ವರ ಕೇಳಬೇಕು ಅನ್ನುವಷ್ಟರಲ್ಲಿ ದೇವಿ ಅವನ ಬಾಯಿ ಕಟ್ಟಿಬಿಟ್ಟಳು. ಕೊನೆಗೆ ದೇವಿಯ ಕೈಯಲ್ಲೇ ಅವನ ವಧೆ. ವಧೆ ನಡೆದ ಜಾಗದ ಮಾರಣಕಟ್ಟೆ ಎಂಬ ಹೆಸರೇ ಅದನ್ನು ಹೇಳುತ್ತದೆ. ಪಿನ್ನು ಹೊಡೆಯುವ ಪುಸ್ತಕವಾದ್ದರಿಂದ ಪುಟ ನಾಲ್ಕರ ಮಗ್ಗಿಯಲ್ಲೇ ಬರಬೇಕು, 8 ಸಾಕು ಎಂದು ಮಾಣಿ ಹೇಳಿದ್ದ. ಆ 8 ಪುಟಕ್ಕೆ ನಾನು ಫುಲ್‌ಸ್ಕೇಪಿನಲ್ಲಿ 40 ಪುಟ ಬರೆದುಕೊಟ್ಟೆ. ತಾಳಮದ್ದಲೆ ಕೇಳಿ ಬೆಳೆದ ಕಿವಿ ನನ್ನದು. ಭಾಗವತರ ಒಂದು ಪದ್ಯಕ್ಕೆ ಅರ್ಧ ಗಂಟೆ ಅರ್ಥ ಹೇಳದವನನ್ನು ನಾವು ಅರ್ಥಧಾರಿ ಅಂತಲೇ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮಾಣಿ ಓದಿ ತಲೆ ಕೆರೆದುಕೊಂಡ. "ಮಾಷ್ಟ್ರೆ, ಇವ ಮೂಕ ಅಲ್ದಾ? ಮತ್ತೆ ಎಂತಕೆ ಇಷ್ಟ್ ಮಾತಾಡ್ತ?"

ನಾನು ಸೋಲುವವನಲ್ಲ. ಮಾತು ಹೋಗುವ ಮೊದಲು ಅವನು ಮಾತಾಡಬಹುದಲ್ಲ? ಇಡೀ ಸಂಭಾಷಣೆಯನ್ನು ತಂದು ಮೊದಲ ಪುಟಕ್ಕೆ ತುಂಬಿದೆ. ಮಾಣಿ ಎದುರು ಹೇಳದೆ ಹಾಗೇ ಬರೆದು ತಂದ. ಪುಟದ ತುಂಬ ಒಂದೇ ಒಂದು ಮಾತಿನ ಗುಳ್ಳೆ. ಅದರ ಅಡಿಯಿಂದ ರಕ್ಕಸನ ಎರಡು ಪಾದ, ಒಂದು ಬದಿಯಿಂದ ಮೀಸೆಯ ತುದಿ. "ಉಳ್ದದ್ದ್ ಹಿಂದೆ ಇತ್ತ್ ಮಾಷ್ಟ್ರೆ" ಎಂದ.

ಸಾವಿರಾರು ರಾಕ್ಷಸರ ಸೈನ್ಯ ನುಗ್ಗಿತು ಎಂದು ಒಂದು ಸಾಲು ಬರೆಯಲು ನನಗೆ ಹಿಡಿದದ್ದು ಒಂದು ಗುಟುಕು ಚಾ ಕುಡಿಯುವಷ್ಟು ಹೊತ್ತು. ಅವನು ದೊಡ್ಡದೊಂದು ಧೂಳಿನ ಮೋಡ ಬರೆದು, ಮೇಲೆ ಎರಡು ಈಟಿಯ ತುದಿ ಸಿಕ್ಕಿಸಿದ. ಉಳಿದ ಸೈನಿಕರೆಲ್ಲಿ ಎಂದು ಕೇಳುವ ಧೈರ್ಯ ಬರಲಿಲ್ಲ. ಮರವಂತೆಯ ದೃಶ್ಯದಲ್ಲಂತೂ ಮರ್ಯಾದೆಯೇ ಹೋಯಿತು. ಒಂದು ಬದಿ ಕಡಲು, ಒಂದು ಬದಿ ಸೌಪರ್ಣಿಕೆ, ನಡುವೆ ಅಸುರನ ಓಟ ಎಂದು ವರ್ಣಿಸಿ, ಆವೇಶದಲ್ಲಿ ಕಡಲಿನಿಂದ ಸೂರ್ಯ ಉದಯಿಸಿದ ಎಂದು ಸೇರಿಸಿದ್ದೆ. "ನಮ್ಮೂರಂಗೆ ಸೂರ್ಯ ಕಡ್ಲಂಗೆ ಮುಳ್ಗುದಲ್ದಾ ಮಾಷ್ಟ್ರೆ? ಇದ್ ಮದ್ರಾಸಾ?" ಎಂದ. ಅರವತ್ತು ದಾಟುವವರೆಗೂ ದಿನಾ ನೋಡಿದ ಕಡಲು ಅದು.

ಕೊನೆಗೆ ಅವನೇ ಒಂದು ಉಪಾಯ ಹೇಳಿದ. 1960ರ ದಶಕದಲ್ಲಿ ಅಮೆರಿಕದ ಮಾರ್ವೆಲ್ ಕಾಮಿಕ್ಸಿನ ಸ್ಟ್ಯಾನ್ ಲೀ ಕಥೆಯ ಎಳೆಯಷ್ಟನ್ನೇ ಕೊಡುತ್ತಿದ್ದರಂತೆ; ಜ್ಯಾಕ್ ಕರ್ಬಿಯಂಥವರು ಚಿತ್ರ ಪೂರ್ತಿ ಬರೆದ ಮೇಲೆ ಮಾತು ತುಂಬುತ್ತಿದ್ದರಂತೆ. ಕಥೆ ನಿಜಕ್ಕೂ ಯಾರದು ಎಂಬ ಜಗಳ ಆಮೇಲೆ ಬಹಳ ಕಾಲ ನಡೆಯಿತು ಎಂಬುದನ್ನು ಆ ಕಳ್ಳ ಹೇಳಲಿಲ್ಲ. ನಾನು ಒಪ್ಪಿದೆ. ಚಿತ್ರ ಬಂತು. ಚೆಂದ ಇತ್ತು, ನನಗೆ ಬೇಕಾದ್ದಕ್ಕಿಂತ ಹೆಚ್ಚೇ ಚೆಂದ ಇತ್ತು. ಮೂಕಾಸುರ ಬಾಯಿ ತೆರೆದಲ್ಲೆಲ್ಲ ಒಂದೊಂದು ಗುಳ್ಳೆ, ಒಳಗೆ ಖಾಲಿ. ಪೆನ್ನು ತೆಗೆದೆ. ಮಾಣಿ ನನ್ನ ಮುಖ ನೋಡಿದ. ಮುಚ್ಚಿಟ್ಟೆ.

ಪುಸ್ತಕ ಅಚ್ಚಾಯಿತು. ಕಥೆ, ಸಂಭಾಷಣೆ ಎಂದು ನನ್ನ ಹೆಸರು ದಪ್ಪ ಅಕ್ಷರದಲ್ಲಿದೆ. ಓದಿದವರೆಲ್ಲ ಆ ಖಾಲಿ ಗುಳ್ಳೆಗಳನ್ನೇ ಹೊಗಳುತ್ತಿದ್ದಾರೆ. ನಲವತ್ತು ವರ್ಷ ನನ್ನ ಮಾತು ಕೇಳಿದ ಹೆಂಡತಿಯಂತೂ "ಇಷ್ಟ್ ಒಳ್ಳೆ ಸಂಭಾಷಣೆ ನೀವ್ ಯಾವತ್ತೂ ಬರೀಲಿಲ್ಲ" ಎಂದಳು.

ಪ್ರತಿಗಳು ಬೇಕಾದಷ್ಟು ಉಳಿದಿವೆ. ಕುಂದಾಪುರದ ಕಡೆ ಬಂದರೆ ಒಂದು ಕೊಂಡುಕೊಳ್ಳಿ. ಓದಲು ಕನ್ನಡಕ ತರಬೇಕೆಂದಿಲ್ಲ.