ಪುಟ್ಟಿಯ ಪಾದಪೀಠ

ನಮ್ಮ ಬಸವೇಶ್ವರನಗರದಲ್ಲಿ ಮಗುವಿಗೆ ಊಟ ಮಾಡಿಸಲು ಮೂರು ಸಾಮಾನು ಇದ್ದರೆ ಸಾಕಾಗಿತ್ತು: ಒಂದು ಬಟ್ಟಲು, ಒಂದು ಸೊಂಟ, ಒಂದು ಕಾಗೆ. ಕಾಗೆ ಸಿಗದಿದ್ದರೆ ನಾಯಿ, ನಾಯಿಯೂ ಇಲ್ಲದಿದ್ದರೆ ಮೂಲೆಯಲ್ಲಿ ನಿಂತ ಆಟೋ. ಮಗುವಿನ ಕಣ್ಣು ಅತ್ತ ಹೊರಳಿ ಬಾಯಿ ಅರ್ಧ ತೆರೆಯಿತೋ, ತುತ್ತು ಒಳಗೆ. ನನ್ನ ಮಗಳು ಬೆಳೆದದ್ದೇ ಹೀಗೆ. ಈಗ ಅವಳಿಗೊಬ್ಬ ಮಗಳು. ಕೆಂಗೇರಿ ಉಪನಗರದ ಫ್ಲ್ಯಾಟಿನಿಂದ ಆಫೀಸಿಗೆ ಹೊರಡುವಾಗ ಪುಟ್ಟಿಯನ್ನು ನಮ್ಮಲ್ಲಿ ಬಿಟ್ಟು, ಸಂಜೆ ಬಂದು ಕರೆದುಕೊಂಡು ಹೋಗುತ್ತಾಳೆ. ಒಂದು ಸಂಜೆ ಬಂದವಳೇ, "ಅಮ್ಮ, ಇನ್ಮೇಲೆ ಮೋಸ ಮಾಡಿ ತಿನ್ನಿಸ್ಬೇಡ" ಅಂದಳು.

"ಎಂಥ ಮೋಸವೇ?"

"ಕಾಗೆ."

ಮಗು ತಾನು ತಿನ್ನುವುದನ್ನು ಕಣ್ಣಾರೆ ನೋಡಿ, ಮುಟ್ಟಿ, ಹಿಸುಕಿ, ತಾನೇ ಬಾಯಿಗಿಟ್ಟುಕೊಳ್ಳಬೇಕಂತೆ. ಎಷ್ಟು ತಿನ್ನಬೇಕೆನ್ನುವುದೂ ಅದರದೇ ತೀರ್ಮಾನವಂತೆ. ಗಿಲ್ ರ‍್ಯಾಪ್ಲಿ ಎನ್ನುವ ಇಂಗ್ಲೆಂಡಿನಾಕೆ ಇನ್ನೊಬ್ಬರ ಜೊತೆ ಸೇರಿ 2008ರಲ್ಲಿ ಇದಕ್ಕೊಂದು ಪುಸ್ತಕವನ್ನೇ ಬರೆದಿದ್ದಾರೆ. ಮಗು ತಾನೇ ತಿನ್ನುವುದಕ್ಕೂ ಪುಸ್ತಕ ಬೇಕಾಯಿತೆ ಎಂದು ನಾನು ಕೇಳಲಿಲ್ಲ. ಅಳಿಯಂದಿರು ಎದುರಿಗೇ ಕೂತಿದ್ದರು. ಆರು ತಿಂಗಳು ತುಂಬುವವರೆಗೆ ಎದೆಹಾಲು, ಆಮೇಲೆ ಎದೆಹಾಲಿನ ಜೊತೆ ಊಟ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ಮನೆಯಲ್ಲೂ ಅನ್ನಪ್ರಾಶನ ಆರು ತುಂಬಿದ ಮೇಲೆಯೇ. ಅಲ್ಲಿಯವರೆಗೆ ಜಿನೀವಾಕ್ಕೂ ಬಸವೇಶ್ವರನಗರಕ್ಕೂ ಜಗಳವಿಲ್ಲ. ತಕರಾರು ಹುಟ್ಟಿದ್ದು ಮಗುವನ್ನು ಕೂರಿಸುವುದೆಲ್ಲಿ ಎನ್ನುವಲ್ಲಿ. ಅನ್ನಪ್ರಾಶನಕ್ಕೆ ಸೋದರಮಾವನ ತೊಡೆ ಒದಗಿತ್ತು. ದಿನಕ್ಕೆ ಮೂರು ಹೊತ್ತು ತೊಡೆ ಕೊಡುತ್ತಾ ಕೂರು ಎನ್ನೋಣವೆಂದರೆ ಅವನಿಗೂ ಹೊಟ್ಟೆಪಾಡಿದೆ.

"ಹೈಚೇರ್ ತಗೋಬೇಕು" ಎಂದಳು ಮಗಳು.

ಶೋಕಿ ಎಂದುಕೊಂಡೆ. ಆದರೆ ಅವಳು ಹೇಳಿದ ಕಾರಣದಲ್ಲಿ ಹುರುಳಿತ್ತು. ನಾವೆಲ್ಲ ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಒರಗಿಸಿಕೊಂಡು, ಒಳಲೆಯಲ್ಲಿ ರಾಗಿ ಸರಿ ಕುಡಿಸಿದವರು. ತೆಳ್ಳಗಿನ ಸರಿಗೆ ಅದು ನಡೆಯುತ್ತಿತ್ತು. ತುಂಡು ತಿನ್ನುವ ಮಗು ಒರಗಿರಬಾರದು, ಬೆನ್ನು ನೆಟ್ಟಗಿರಬೇಕು. ಇಲ್ಲದಿದ್ದರೆ ತುಂಡು ತಾನಾಗಿ ಗಂಟಲಿಗೆ ಜಾರುತ್ತದೆ. ತುಂಡು ಹಿಂದಕ್ಕೆ ಹೋದಾಗ ಮಗು ಓಕರಿಸಿ ಮುಂದಕ್ಕೆ ತಂದುಕೊಳ್ಳುತ್ತದೆ, ಅದಕ್ಕೆ ಗಾಬರಿ ಬೀಳಬಾರದು. ಸದ್ದು ಮಾಡಿ ಓಕರಿಸುತ್ತಿದ್ದರೆ ಉಸಿರಾಡುತ್ತಿದೆ ಎಂದರ್ಥ. ಭಯ ಪಡಬೇಕಾದದ್ದು ಸದ್ದೇ ಇಲ್ಲದೆ ಮುಖದ ಬಣ್ಣ ತಿರುಗಿದಾಗ. ಇದನ್ನು ಕೇಳಿದ ಮೇಲೆ ನಾನು ಕುರ್ಚಿಯ ಪಕ್ಷ ಸೇರಿದೆ.

ಕುರ್ಚಿಗಾಗಿ ಬಣ ಕಟ್ಟುವುದು ವಿಧಾನಸೌಧದಲ್ಲಿ ಮಾತ್ರ ಎಂದು ತಿಳಿದವರು ನಮ್ಮ ಮನೆಗೆ ಬರಬೇಕಿತ್ತು. ಅಳಿಯಂದಿರು ಎಕ್ಸೆಲ್ ಶೀಟ್ ಮಾಡಿದರು: ಬೆಲೆ, ತೂಕ, ಮಡಚುತ್ತದೋ ಇಲ್ಲವೋ, ಜನ ಕೊಟ್ಟ ನಕ್ಷತ್ರ ಎಷ್ಟು. ಅವರು ಕಾರು ಕೊಳ್ಳುವಾಗಲೂ ಇಷ್ಟು ಕಾಲಂ ಹಾಕಿರಲಿಲ್ಲ ಎಂದು ಮಗಳೇ ಹೇಳಿದಳು.

ಇನ್ನು ನಮ್ಮ ಮನೆಯವರು. ಜಾಲಹಳ್ಳಿಯ ಎಚ್‌ಎಂಟಿಯಲ್ಲಿ ಟೂಲ್ ರೂಮಿನಲ್ಲಿದ್ದು ನಿವೃತ್ತರಾದವರು. ಕಾರ್ಖಾನೆ ಅವರನ್ನು ಬಿಟ್ಟರೂ ಅವರು ವರ್ನಿಯರ್ ಬಿಟ್ಟಿಲ್ಲ. ಅವರ ಪ್ರಕಾರ ಹೈಚೇರಿನಲ್ಲಿ ಹೊಸತೇನೂ ಇಲ್ಲ. ಕಟಿಂಗ್ ಶಾಪಿನಲ್ಲಿ ಕುರ್ಚಿಯ ಎರಡು ಕೈಗಳ ಮೇಲೆ ಅಡ್ಡ ಹಲಗೆ ಹಾಕಿ ಮಕ್ಕಳನ್ನು ಕೂರಿಸುತ್ತಿದ್ದರಲ್ಲ, ಅದೇ. "ಪೀಣ್ಯ, ಕಾಮಾಕ್ಷಿಪಾಳ್ಯ ಪಕ್ಕದಲ್ಲಿಟ್ಕೊಂಡು ಕುರ್ಚಿಗೆ ಅಂಗಡಿಗೆ ಹೋಗೋದಾ? ಪೈಪು ತಂದು ವೆಲ್ಡಿಂಗ್ ಮಾಡಿಸಿದ್ರೆ ಅವಳ ಮೊಮ್ಮಕ್ಕಳೂ ಕೂರಬಹುದು" ಎಂದು ಪುಟ್ಟಿಯ ಮೊಣಕಾಲಿನಿಂದ ಹಿಮ್ಮಡಿಯವರೆಗೆ ಅಳೆಯಲು ಕೂತರು. ಅಷ್ಟರಲ್ಲಿ ಪುಟ್ಟಿ ವರ್ನಿಯರಿನ ಒಂದು ದವಡೆಯನ್ನು ತನ್ನ ದವಡೆಗೆ ಸೇರಿಸಿದ್ದಳು. ತಾನೇ ತಿನ್ನುವ ಅಭ್ಯಾಸ ಅಂದೇ ಶುರುವಾಯಿತು.

ಅಂಗಡಿ ನೋಡಲು ಮೊದಲು ಹೋದದ್ದು ರಾಜಾಜಿನಗರಕ್ಕೆ. ಅಲ್ಲಿ ಕಂಡ ಕುರ್ಚಿಗೆ ಮೆತ್ತೆ, ಚಕ್ರ, ಬ್ರೇಕು, ಎತ್ತರ ಇಳಿಸುವ ಗುಂಡಿ, ಹಿಂದಕ್ಕೆ ಒರಗುವ ಸೌಕರ್ಯ, ಕಣ್ಣೆದುರು ತೂಗುವ ಜಿರಾಫೆ ಎಲ್ಲವೂ ಇದ್ದವು. "ಇದಕ್ಕೆ ಆರ್‌ಟಿಓ ರಿಜಿಸ್ಟ್ರೇಷನ್ ಬೇಕೇನಪ್ಪಾ?" ಎಂದು ಇವರು ಕೇಳಿದ್ದಕ್ಕೆ ಅಂಗಡಿಯ ಹುಡುಗ ಪಾಪ, ಬೇಡ ಸಾರ್ ಅಂದ. ನಾನು ಜಿರಾಫೆ ನೋಡಲಿಲ್ಲ, ಹೊಲಿಗೆ ನೋಡಿದೆ. ಮೆತ್ತೆಯ ಸುತ್ತ ದಾರದ ಹೊಲಿಗೆ, ಹೊಲಿಗೆಯ ಪಕ್ಕ ಪಟ್ಟಿ, ಪಟ್ಟಿಯ ಕೆಳಗೆ ಸಂದು. ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ಬಟ್ಟೆಯಲ್ಲಿ ಸೋಸಿ ಮಾಡಿದ ರಾಗಿ ಹಿಟ್ಟಿನ ಸರಿ ಒಂದು ಸಂದಿಗೆ ಇಳಿದು ಒಣಗಿತೆಂದರೆ ಸಿಮೆಂಟಿನ ಹಾಗೆ ಕೂರುತ್ತದೆ. ಆಮೇಲೆ ಅದನ್ನು ಬಿಡಿಸಲು ಹಳೆಯ ಹಲ್ಲುಜ್ಜುವ ಬ್ರಷ್ ಹಿಡಿಯಬೇಕಾದವಳು ನಾನು. ಎಕ್ಸೆಲ್ ಶೀಟಿನಲ್ಲಿ ಇದಕ್ಕೊಂದು ಕಾಲಂ ಇರಲೇ ಇಲ್ಲ.

ನಾಗಸಂದ್ರದಲ್ಲಿ 2022ರ ಜೂನಿನಲ್ಲಿ ಬಾಗಿಲು ತೆರೆದ ಐಕಿಯಾಕ್ಕೂ ಹೋಗಿಬಂದೆವು. ರಾಜಾಜಿನಗರದಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತಿದರೆ ಆಯಿತು. ಭಾನುವಾರದ ಜಾತ್ರೆಯಲ್ಲಿ ಅರ್ಧ ಬೆಂಗಳೂರು ಯಾರದೋ ಹಾಸಿಗೆಯ ಮೇಲೆ ಕೂತು ಎದ್ದು ನೋಡುತ್ತಿತ್ತು. ಇವರು ಕಂಡ ಕಂಡ ಕುರ್ಚಿಯ ಕಾಲು ಹಿಡಿದು ಅಲ್ಲಾಡಿಸಿದರು. ಸಿಬ್ಬಂದಿಯ ಹುಡುಗಿ ಬಂದು ಏನು ಬೇಕು ಎಂದಾಗ, "ಏನೂ ಬೇಡಮ್ಮ, ಪ್ಲೇ ಎಷ್ಟಿದೆ ನೋಡ್ತಿದ್ದೀನಿ" ಅಂದರು. ಆಟವಾಡುತ್ತಿದ್ದಾರೆ ಎಂದುಕೊಂಡು ಅವಳು ನಕ್ಕು ಹೋದಳು.

ಅಷ್ಟರಲ್ಲಿ ಮಗಳ ಅಪಾರ್ಟ್‌ಮೆಂಟಿನ ವಾಟ್ಸ್ಯಾಪ್ ಗುಂಪಿನಲ್ಲಿ ಒಂದು ಸಂದೇಶ ಬಂತು: ಹೈಚೇರ್ ಇದೆ, ದುಡ್ಡು ಬೇಡ, ಬಂದು ಎತ್ತಿಕೊಂಡು ಹೋಗಿ. ಬಿಟ್ಟಿ ಎಂದ ಕೂಡಲೇ ಎಕ್ಸೆಲ್ ಶೀಟಿನ ನಕ್ಷತ್ರಗಳೆಲ್ಲ ಉದುರಿದವು. ಕುರ್ಚಿ ಬಂತು. ನುಣುಪಾದ ಪ್ಲಾಸ್ಟಿಕ್ ಆಸನ, ಹೊಲಿಗೆ ಇಲ್ಲ, ಮೆತ್ತೆ ಇಲ್ಲ, ನಾಲ್ಕು ಕಂಬಿಯ ಕಾಲು, ಗಟ್ಟಿ ಬೆಲ್ಟು. ನನಗೆ ಬಹಳ ಹಿಡಿಸಿತು. ಮುಂದಿನ ತಟ್ಟೆ ಮಾತ್ರ ಇರಲಿಲ್ಲ. ಮನೆ ಬದಲಾಯಿಸುವಾಗ ಎಲ್ಲೋ ಹೋಯಿತಂತೆ. ಕಾಲಿಡಲು ಹಲಗೆಯೂ ಇರಲಿಲ್ಲ. ಪುಟ್ಟಿಯ ಕಾಲು ಗಾಳಿಯಲ್ಲಿ ಜೋಲಾಡುತ್ತಿದ್ದವು.

ಇವರ ಮುಖ ಅರಳಿತು. ನಿವೃತ್ತಿಯಾದ ಮೇಲೆ ಅಷ್ಟು ಖುಷಿ ನಾನು ನೋಡಿರಲಿಲ್ಲ.

ಕಾಲ ಕೆಳಗೆ ಆಧಾರವಿಲ್ಲದೆ ಮಗು ಗಟ್ಟಿಯಾಗಿ ಕೂರುವುದಿಲ್ಲ, ಸೊಂಟ, ಮೊಣಕಾಲು, ಪಾದ ಮೂರೂ ಮಡಿಸಿ ಕೂತಂತಿರಬೇಕು ಎಂದು ಮಗಳು ಮೊದಲೇ ಹೇಳಿದ್ದಳು. ನಂಬಿಕೆ ಬಾರದಿದ್ದರೆ ನೀವೇ ಎತ್ತರದ ಸ್ಟೂಲಿನ ಮೇಲೆ ಕಾಲು ಇಳಿಬಿಟ್ಟು ಕೂತು ಬಿಸಿಬೇಳೆಬಾತ್ ತಿಂದು ನೋಡಿ. ನಾರ್ವೆಯ ಪೀಟರ್ ಓಪ್ಸ್‌ವಿಕ್ ಎನ್ನುವವರು ತಮ್ಮ ಮಗ ದೊಡ್ಡವರ ಮೇಜಿಗೆ ಎಟುಕದೆ, ಕಾಲು ನೆಲಕ್ಕೆ ತಾಗದೆ ಒದ್ದಾಡುವುದನ್ನು ನೋಡಿ, 1972ರಲ್ಲಿ ಒಂದು ಮರದ ಕುರ್ಚಿ ರೂಪಿಸಿದರು. ಟ್ರಿಪ್ ಟ್ರ್ಯಾಪ್ ಎಂದು ಅದರ ಹೆಸರು. ಮಗು ಬೆಳೆದಂತೆ ಕೂರುವ ಹಲಗೆಯನ್ನೂ ಪಾದದ ಹಲಗೆಯನ್ನೂ ಮೇಲೆ ಕೆಳಗೆ ಸರಿಸಬಹುದು. ಇವರು ಅದರ ಚಿತ್ರವನ್ನು ಫೋನಿನಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿ, "ಈತ ಕೆಲಸ ಗೊತ್ತಿರೋನು ಕಣೇ" ಅಂದರು. ಅವರ ಬಾಯಿಂದ ಇಷ್ಟು ಹೊಗಳಿಕೆ ಸಿಕ್ಕಿದ್ದು ಓಪ್ಸ್‌ವಿಕ್‌ರಿಗೆ ಗೊತ್ತಾಗಬೇಕಿತ್ತು.

ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟಿನಿಂದ ಒಂದು ತೇಗದ ತುಂಡು ಬಂತು. ಅದಕ್ಕೆ ಕ್ಲ್ಯಾಂಪ್, ಮತ್ತೆ ತಟ್ಟೆ ಮಾಡಿಸಲು ಮಾಗಡಿ ರಸ್ತೆಯ ಕಾಮಾಕ್ಷಿಪಾಳ್ಯಕ್ಕೆ ನಾನೂ ಹೋದೆ. ಶೆಡ್ಡಿನಲ್ಲಿ ಇಬ್ಬರು ಹುಡುಗರು ಯಾವುದೋ ಬ್ರಾಕೆಟ್ಟಿಗೆ ತೂತು ಹೊಡೆಯುತ್ತಿದ್ದರು. ಇವರು ಕಿಸೆಯಿಂದ ಡ್ರಾಯಿಂಗ್ ತೆಗೆದರು. ಮೂರು ಕಡೆಯಿಂದ ನೋಡಿದ ನೋಟ, ಮಿಲಿಮೀಟರಿನಲ್ಲಿ ಅಳತೆ, ಕೆಳಗೆ ರುಜು. ಮಾಲೀಕ ಅದನ್ನು ಬೆಳಕಿಗೆ ಹಿಡಿದ.

"ಇದು ಯಾವ ಮಿಷಿನ್ನಿಗೆ ಸಾರ್?"

"ಮೊಮ್ಮಗಳಿಗೆ."

ಆತ ನಗಲಿಲ್ಲ. "ಹಂಗಾದ್ರೆ ಮುನ್ನೂರ ನಾಲ್ಕನೇ ಗ್ರೇಡ್ ಶೀಟೇ ಹಾಕ್ಬೇಕು, ಹುಳಿ ಬಿದ್ರೂ ಏನಾಗಲ್ಲ" ಎಂದ. ಹದಿನೆಂಟು ಗೇಜೋ ಇಪ್ಪತ್ತು ಗೇಜೋ ಎಂದು ಇಬ್ಬರೂ ಬಹಳ ಹೊತ್ತು ಚರ್ಚಿಸಿದರು. ತೆಳುವಾದ ಇಪ್ಪತ್ತು ಸಾಕು ಎಂದಾಯಿತು. ಅಂಚು ಮಗುವಿನ ಕೈ ಕೊಯ್ಯದಂತೆ ಒಳಕ್ಕೆ ಮಡಚಬೇಕು, ಮೂಲೆ ದುಂಡಗಿರಬೇಕು, ಬಫಿಂಗ್ ಹೊಡೆಯಬೇಕು. ಅಳತೆ ಸಾಲಿನಲ್ಲಿ ನಾನು ಒಂದನ್ನು ಸೇರಿಸಿದೆ: ನಮ್ಮ ಸಿಂಕಿನೊಳಗೆ ಇಳಿಯುವಷ್ಟು ಅಗಲ, ಅದಕ್ಕಿಂತ ಒಂದು ಬೆರಳೂ ಹೆಚ್ಚು ಬೇಡ. ಮಾಲೀಕ ನನ್ನನ್ನು ನೋಡಿ, "ಅಮ್ಮ ಹೇಳಿದ್ದು ಪಾಯಿಂಟು" ಅಂದ. ಕೂಲಿ ಅಂಗಡಿಯ ಹೊಸ ಕುರ್ಚಿಯ ಬೆಲೆಗೆ ಹತ್ತಿರ ಹತ್ತಿರ ಹೋಯಿತು. ಆದರೆ ಕುರ್ಚಿ ಬಿಟ್ಟಿ ಬಂತಲ್ಲ ಎಂಬ ಸಮಾಧಾನ ಇವರಿಗೆ.

ಸ್ಟೀಲ್ ತಟ್ಟೆಯಿಂದ ಒಂದು ಲಾಭ, ಒಂದು ನಷ್ಟ. ಪುಟ್ಟಿ ಅದನ್ನು ಎತ್ತಿ ಎಸೆಯಲಾರಳು. ಆದರೆ ಬಡಿಯಬಲ್ಲಳು. ಅವಳ ಊಟದ ಹೊತ್ತು ಈಗ ನಮ್ಮ ಬೀದಿಗೆಲ್ಲ ಗೊತ್ತು.

ಬಡಿಸುವುದರಲ್ಲೂ ಕ್ರಮವಿದೆ. ಈ ವಯಸ್ಸಿಗೆ ಇಡೀ ಅಂಗೈಯಿಂದ ಬಾಚುತ್ತಾರೆ. ಎರಡು ಬೆರಳಲ್ಲಿ ಹೆಕ್ಕುವುದು ಒಂಬತ್ತು ತಿಂಗಳ ಸುಮಾರಿಗೆ. ಹಾಗಾಗಿ ಇಡ್ಲಿಯನ್ನೂ ಮೆತ್ತಗೆ ಬೇಯಿಸಿದ ಕ್ಯಾರೆಟ್ಟು, ಸಿಹಿಗುಂಬಳವನ್ನೂ ಬೆರಳುದ್ದಕ್ಕೆ ಸೀಳಿ ಇಡುತ್ತೇನೆ, ಮುಷ್ಟಿಯಿಂದ ಒಂದಿಷ್ಟು ಹೊರಗೆ ಉಳಿಯಲಿ ಎಂದು. ದ್ರಾಕ್ಷಿ ಕೊಡುವ ಕಾಲಕ್ಕೆ ಉದ್ದಕ್ಕೆ ಸೀಳಬೇಕು. ಇಡೀ ಕಡಲೆಕಾಯಿ ಬೀಜ ಸದ್ಯಕ್ಕಿಲ್ಲ. ಜೇನು ಒಂದು ವರ್ಷದವರೆಗೆ ನಾಲಿಗೆಗೆ ಸೋಕಿಸಲೂ ಬಾರದು. ರಾಗಿ ಮುದ್ದೆಯದೇ ಪೇಚು. ಮಗುವಿಗೆ ಜಗಿಯುವುದನ್ನು ಕಲಿಸಬೇಕು ಎಂದು ಮಗಳು. ಮುದ್ದೆ ಜಗಿಯುವವರನ್ನು ಕಂಡರೆ ಮುಖ ತಿರುಗಿಸುವ ವಂಶ ಇವರದು. ಸದ್ಯ ವಿಷಯ ಮುಂದಕ್ಕೆ ಹಾಕಲಾಗಿದೆ.

ಮೊದಲ ದಿನ ಪುಟ್ಟಿ ಇಡ್ಲಿಯನ್ನು ಹಿಡಿದಳು, ಹಿಸುಕಿದಳು, ಬೆರಳ ಸಂದಿಯಿಂದ ಅದು ಹೊರಗೆ ಬರುವುದನ್ನು ನೋಡಿದಳು, ಕೈ ಬಿಟ್ಟಳು. ಆಮೇಲೆ ಬಗ್ಗಿ ಅದು ಎಲ್ಲಿ ಬಿತ್ತೆಂದು ನೋಡಿದಳು. ಮತ್ತೊಂದು ತುಂಡಿಗೂ ಅದೇ ಗತಿ. ಗಲ್ಲಕ್ಕೆ ಅಂಟಿದ್ದರಲ್ಲಿ ಒಂದು ಚೂರು ಒಳಗೆ ಹೋದದ್ದೇ ತಡ, ಇವರು "ತಿಂದ್ಲು!" ಎಂದು ಕೆಂಗೇರಿಗೆ ವಿಡಿಯೊ ಕಳಿಸಿದರು. ನೆಲ ಒರೆಸಲು ಬರುವಾಕೆ ಮಾತ್ರ ಸೊಂಟದ ಮೇಲೆ ಕೈಯಿಟ್ಟು, "ಅಕ್ಕಾ, ಇದನ್ನ ಈಚೆ ಹಾಕಿ" ಎಂದಳು. ಅಂದಿನಿಂದ ಕುರ್ಚಿ ಪೋರ್ಟಿಕೋದಲ್ಲಿದೆ. ಊಟ ಮುಗಿದ ಮೇಲೆ ಮಗುವನ್ನು ಎತ್ತಿಕೊಂಡು, ಕುರ್ಚಿಗೂ ನೆಲಕ್ಕೂ ಒಟ್ಟಿಗೆ ಬಕೆಟ್ಟಿನಲ್ಲಿ ನೀರು ಹೊಯ್ದರಾಯಿತು. ಬಿದ್ದ ಇಡ್ಲಿಗೆ ಕಾಂಪೌಂಡಿನ ಮೇಲೆ ಕಾಗೆಗಳು ಸಾಲುಗಟ್ಟಿವೆ. ಮೊದಲು ಕಾಗೆ ತೋರಿಸಿ ಮಗುವಿಗೆ ಉಣಿಸುತ್ತಿದ್ದೆವು, ಈಗ ಮಗುವನ್ನು ಕೂರಿಸಿ ಕಾಗೆಗೆ ಉಣಿಸುತ್ತಿದ್ದೇವೆ. ಮಗಳಿಗೆ ಇದರಲ್ಲಿ ಮೋಸ ಕಂಡಿಲ್ಲ.

ಹಾಗೆಂದು ಪುಟ್ಟಿ ಸೊರಗಿಲ್ಲ. ಪಾದದ ಹಲಗೆ ಬಂದ ಮೇಲೆ ಜಾರಿ ಓರೆಯಾಗುವುದು ನಿಂತಿದೆ, ಎರಡೂ ಕಾಲು ಊರಿ ಕೂತು ಕೆಲಸ ಮಾಡುತ್ತಾಳೆ. ತೇಗದ ಹಲಗೆಯನ್ನು ಅವಳು ಬೆಳೆದಂತೆ ಇಳಿಸಲು ಇವರು ತೂತುಗಳನ್ನು ಈಗಲೇ ಕೊರೆಸಿಟ್ಟಿದ್ದಾರೆ.

ಕೊಳ್ಳಲು ಹೊರಟವರು ಜಿರಾಫೆಗೆ ಮರುಳಾಗಬೇಡಿ. ಕೈಯಾಡಿಸಿದರೆ ಸಂದು ಸಿಗಬಾರದು, ಅಲ್ಲಾಡಿಸಿದರೆ ಕಾಲು ಕದಲಬಾರದು, ಪಾದಕ್ಕೆ ಹಲಗೆ ಇರಬೇಕು, ತಟ್ಟೆ ನಿಮ್ಮ ಸಿಂಕಿಗೆ ಇಳಿಯಬೇಕು. ಬೆಲ್ಟು ಕಟ್ಟದೆ ಒಂದು ಗಳಿಗೆಯೂ ಕೂರಿಸಬೇಡಿ, ಕಟ್ಟಿದ್ದೇವೆಂದು ಬಿಟ್ಟು ಹೋಗಲೂ ಬೇಡಿ. ಮಗು ಬೆಳೆದ ಮೇಲೆ ಕುರ್ಚಿಯನ್ನು ಅಟ್ಟಕ್ಕೆ ಹಾಕದೆ, ನಿಮ್ಮ ಬೀದಿಯಲ್ಲೇ ಆರು ತಿಂಗಳು ತುಂಬಿದ ಮಗು ಯಾರ ಮನೆಯಲ್ಲಿದೆಯೋ ಅವರಿಗೆ ಕೊಟ್ಟುಬಿಡಿ. ಕೊಡುವಾಗ ದಯವಿಟ್ಟು ತಟ್ಟೆಯನ್ನೂ ಹುಡುಕಿ ಜೊತೆಗೇ ಕೊಡಿ. ಎಲ್ಲರ ಮನೆಯಲ್ಲೂ ಎಚ್‌ಎಂಟಿಯಿಂದ ನಿವೃತ್ತರಾದವರು ಇರುವುದಿಲ್ಲ.