ಅದೃಷ್ಟಾವ್ಯಯ ಮೀಮಾಂಸೆ

ಪೀಠಿಕೆ

ಲಕಿಲಿ, ಫಾರ್ಚುನೇಟ್ಲಿ, ಹ್ಯಾಪಿಲಿ, ಮರ್ಸಿಫುಲಿ, ಥ್ಯಾಂಕ್‌ಫುಲಿ ಎಂಬ ಐದು ಪದಗಳು ಇಂಗ್ಲಿಷಿನಲ್ಲಿವೆ. ಬಂದ ಆಪತ್ತು ಕೂದಲೆಳೆಯಲ್ಲಿ ತಪ್ಪಿದಾಗ ಬಾಯಿಂದ ಹೊರಡುವ ಇವುಗಳನ್ನು ಈ ಪ್ರಬಂಧದಲ್ಲಿ 'ಅದೃಷ್ಟಾವ್ಯಯ' ಎಂದು ಕರೆಯಲಾಗಿದೆ. ನಮ್ಮ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಅವ್ಯಯಗಳನ್ನು ಎಂಟನೆಯ ಪ್ರಕರಣಕ್ಕೆ ತಳ್ಳಿದ. ಇಂಗ್ಲಿಷರೋ ಅವನ್ನು ವಾಕ್ಯದ ತಲೆಯ ಮೇಲೆಯೇ ಕೂರಿಸಿದರು. ಈ ಬಡ್ತಿ ಯಾವ ಸೇವೆಗಾಗಿ ಸಿಕ್ಕಿತು ಎಂಬುದೇ ನಮ್ಮ ಜಿಜ್ಞಾಸೆ.

ವ್ಯುತ್ಪತ್ತಿ

ಮೊದಲು ಬಾಲದ ವಿಚಾರ. 'ಲಿ' ಎಂಬ ಪ್ರತ್ಯಯ ಹಳೆಯ ಇಂಗ್ಲಿಷಿನ 'ಲೀಚ್' ಎಂಬ ಪದದ ವಂಶಸ್ಥ. ಅದಕ್ಕೆ ದೇಹ ಎಂದೂ ಹೆಣ ಎಂದೂ ಅರ್ಥ. ಇಂಗ್ಲೆಂಡಿನ ಹಳೆಯ ಚರ್ಚುಗಳ ಅಂಗಳಕ್ಕೆ ಮಾಡು ಹೊದಿಸಿದ 'ಲಿಚ್‌ಗೇಟ್' ಎಂಬ ಬಾಗಿಲಿರುತ್ತದೆ. ಪಾದ್ರಿ ಬರುವ ತನಕ ಶವವನ್ನು ಅಲ್ಲಿ ಇಳಿಸುತ್ತಿದ್ದರು. ಅದೇ ಹೆಣ ಲಕಿಲಿಯ ಬಾಲದಲ್ಲಿ ಇಂದಿಗೂ ಪಾದ್ರಿಗಾಗಿ ಕಾಯುತ್ತಿದೆ. ಅದೃಷ್ಟದ ಮಾತು ಬಂದಲ್ಲಿ ಆಸುಪಾಸು ಅನಾಹುತವೊಂದು ಇರಲೇಬೇಕೆಂಬ ನಮ್ಮ ವಾದಕ್ಕೆ ಇದಕ್ಕಿಂತ ಗಟ್ಟಿ ಪುರಾವೆ ಬೇಕಿಲ್ಲ. (ಕ್ವಿಕ್‌ಲಿ, ಸ್ಲೋಲಿಗಳಿಗೂ ಅದೇ ಬಾಲವಿದೆಯಲ್ಲ ಎಂಬ ಕುಚೋದ್ಯ ನಮ್ಮ ಕಿವಿಗೆ ಬಿದ್ದಿಲ್ಲವೆಂದು ತಿಳಿಯತಕ್ಕದ್ದು.)

ಇನ್ನು ತಲೆಗಳು. 'ಲಕ್' ಹದಿನೈದನೆಯ ಶತಮಾನದಲ್ಲಿ ಡಚ್ಚರ ಸೀಮೆಯ ಕಡೆಯಿಂದ ಬಂದದ್ದು. ಜೂಜಾಟದ ಮಾತಾಗಿ ಬಂದಿರಬೇಕೆಂದು ನಿಘಂಟುಕಾರರ ಗುಮಾನಿ. ಫಾರ್ಚುನೇಟ್ಲಿಯದು ಕುಲೀನ ಮನೆತನ: ರೋಮನ್ನರ ಚಕ್ರಧಾರಿಣಿ ಫೋರ್ಚುನಾ ದೇವಿಯೇ ಅದರ ಮೂಲ. ಹ್ಯಾಪಿಲಿಯ 'ಹ್ಯಾಪ್' ಉತ್ತರದ ನೋರ್ಸ್ ಜನರ ಕೊಡುಗೆ. ಹ್ಯಾಪನ್, ಪರ್‌ಹ್ಯಾಪ್ಸ್, ಮಿಸ್‌ಹ್ಯಾಪ್ ಎಲ್ಲವೂ ಅದರ ದಾಯಾದಿಗಳೇ. 'ಹ್ಯಾಪಿ' ಎಂಬುದಕ್ಕೆ ಮೊದಲಿದ್ದ ಅರ್ಥ ಅದೃಷ್ಟವಂತ. ಸುಖಿ ಎಂಬ ಅರ್ಥ ಆಮೇಲೆ ಬಂತು. ಅಂದರೆ ಆ ಜನ ಮೊದಲು ಪಾರಾದರು, ಸಂತೋಷಪಡಲು ಪುರುಸೊತ್ತಾದದ್ದು ಅನಂತರ. 'ಮರ್ಸಿ'ಯ ಲ್ಯಾಟಿನ್ ಮೂಲಕ್ಕೆ ಕೂಲಿ, ಬೆಲೆ ಎಂಬ ಅರ್ಥವಿತ್ತು. ಕರುಣೆ ಪುಕ್ಕಟೆ ಸಿಗುವುದಿಲ್ಲವೆಂದು ಭಾಷೆಗೆ ಮುಂಚೆಯೇ ಗೊತ್ತಿತ್ತು.

ಅಧಿಕಾರಭೇದ

ಮೆಟ್ಟಿಲು ಜಾರಿ ಬಿದ್ದವನು ಗೆಳೆಯರೆದುರು ಲಕಿಲಿ ಎನ್ನುತ್ತಾನೆ. ವಿಮಾ ಕಂಪನಿಗೆ ಪತ್ರ ಬರೆಯುವಾಗ ಅವನೇ ಫಾರ್ಚುನೇಟ್ಲಿ ಎನ್ನುತ್ತಾನೆ. ಮರ್ಸಿಫುಲಿಯನ್ನು ಹೆಚ್ಚಾಗಿ ಭಾಷಣಗಳಿಗೆ ಮೀಸಲಿಟ್ಟಿದ್ದಾರೆ, ಅದೂ ಚಿಕ್ಕದಾಗಿ ಮುಗಿದ ಭಾಷಣಗಳಿಗೆ. ಆದಕಾರಣ ನಮ್ಮ ಸಭೆಗಳಲ್ಲಿ ಇದರ ಪ್ರಯೋಗ ಅಪರೂಪ. ಥ್ಯಾಂಕ್‌ಫುಲಿಯ ಬಗ್ಗೆ ಮಡಿವಂತ ವೈಯಾಕರಣರಿಗೆ ಸಿಟ್ಟಿತ್ತು: 'ಕೃತಜ್ಞತೆಯಿಂದ ಮಳೆ ನಿಂತಿತು' ಎಂದರೆ ಕೃತಜ್ಞತೆ ಮಳೆಗೋ? ಇದೇ ಮೊಕದ್ದಮೆ ಹೋಪ್‌ಫುಲಿಯ ಮೇಲೂ ದಶಕಗಳ ಕಾಲ ನಡೆಯಿತು. 2012ರಲ್ಲಿ ಅಸೋಸಿಯೇಟೆಡ್ ಪ್ರೆಸ್‌ನ ಶೈಲಿ ಕೈಪಿಡಿ ಸೋಲೊಪ್ಪಿ ಅದನ್ನು ಒಳಗೆ ಬಿಟ್ಟುಕೊಂಡಿತು.

ಅಲ್ಪವಿರಾಮ ವಿಚಾರ

ಅದೃಷ್ಟಾವ್ಯಯ ವಾಕ್ಯದ ಮೊದಲಿಗೆ ಬಂದರೆ ಅದರ ಹಿಂದೆಯೇ ಅಲ್ಪವಿರಾಮ ಬರಬೇಕು. ಇದು ಲೇಖನ ಚಿಹ್ನೆಯಲ್ಲ, ನಿಟ್ಟುಸಿರು. 'ಹ್ಯಾಪಿಲಿ, ಹಿ ಡಿಡ್ ನಾಟ್ ಸಿಂಗ್' ಎಂದರೆ ಆತ ಹಾಡಲಿಲ್ಲ, ಸಭಿಕರು ಬದುಕಿದರು. 'ಹಿ ಡಿಡ್ ನಾಟ್ ಸಿಂಗ್ ಹ್ಯಾಪಿಲಿ' ಎಂದರೆ ಆತ ಹಾಡಿಯೇಬಿಟ್ಟ, ಆತನಿಗೂ ಸುಖವಿರಲಿಲ್ಲ. ಪದವೊಂದು ಜಾಗ ಬಿಟ್ಟು ಕದಲಿದ ಮಾತ್ರಕ್ಕೆ ಇಡೀ ಸಭಾಂಗಣ ಸಂಕಟಕ್ಕೆ ಸಿಲುಕುವ ಇಂಥ ಉದಾಹರಣೆ ಬೇರೆ ಶಾಸ್ತ್ರಗಳಲ್ಲಿ ದುರ್ಲಭ.

ವ್ಯಾಪ್ತಿ

ಎಲ್ಲೆಲ್ಲಿ ಹೊಗೆಯೋ ಅಲ್ಲಲ್ಲಿ ಬೆಂಕಿ ಎನ್ನುತ್ತಾರೆ ನಮ್ಮ ತಾರ್ಕಿಕರು. ಎಲ್ಲೆಲ್ಲಿ ಫಾರ್ಚುನೇಟ್ಲಿಯೋ ಅಲ್ಲಲ್ಲಿ ಅನಾಹುತ ಎನ್ನುತ್ತೇವೆ ನಾವು. 'ಅದೃಷ್ಟವಶಾತ್ ಇಂದು ಸೂರ್ಯ ಹುಟ್ಟಿದ' ಎಂದು ಯಾರೂ ಹೇಳದಿರುವುದೇ ಇದಕ್ಕೆ ಸಾಕ್ಷಿ. ಅಮೆರಿಕದ ರೆಮಿ ಚಾರ್ಲಿಪ್ 1964ರಲ್ಲಿ 'ಫಾರ್ಚುನೇಟ್ಲಿ' ಎಂಬ ಮಕ್ಕಳ ಪುಸ್ತಕವನ್ನೇ ಬರೆದು ಈ ಪ್ರಮೇಯವನ್ನು ಸಾಧಿಸಿದ್ದಾನೆ. ಅದರ ಹುಡುಗನಿಗೆ ವಿಮಾನ ಸಿಗುತ್ತದೆ, ವಿಮಾನದ ಎಂಜಿನ್ ಸಿಡಿಯುತ್ತದೆ. ಪ್ಯಾರಾಚೂಟ್ ಸಿಗುತ್ತದೆ, ಅದರಲ್ಲಿ ತೂತಿರುತ್ತದೆ. ಕೆಳಗೆ ಹುಲ್ಲಿನ ಬಣವೆ ಕಾಣುತ್ತದೆ, ಅದರಲ್ಲಿ ಕವೆಗೋಲು ಚುಚ್ಚಿರುತ್ತದೆ. ಅದೃಷ್ಟದ ಪುಟಗಳಿಗೆ ಬಣ್ಣ, ದುರದೃಷ್ಟಕ್ಕೆ ಬರೀ ಕಪ್ಪುಬಿಳುಪು. ನಮ್ಮ ವಿಶ್ವವಿದ್ಯಾಲಯಗಳಲ್ಲಾದರೆ ಇಷ್ಟು ಹೇಳಲು ಎರಡು ಸಂಪುಟ ಬೇಕಾಗುತ್ತಿತ್ತು.

ಪೂರ್ವಪಕ್ಷ

'ಕನ್ನಡಕ್ಕೆ ಇವುಗಳ ಹಂಗೇಕೆ? ನಮ್ಮಲ್ಲಿ ಪುಣ್ಯಕ್ಕೆ ಇದೆ, ಸದ್ಯ ಇದೆ' ಎಂದು ಪೂರ್ವಪಕ್ಷದವರು ಗುಡುಗುತ್ತಾರೆ. ನಿಜ. 'ಪುಣ್ಯಕ್ಕೆ' ಎಂದವನು ಹಿಂದಿನ ಜನ್ಮದ ಠೇವಣಿಯಿಂದ ಹಣ ತೆಗೆಯುತ್ತಿದ್ದಾನೆ. 'ಸದ್ಯ, ಬಚಾವಾದೆ' ಎಂದವನು ಬಚಾವಾದದ್ದು ಸದ್ಯಕ್ಕೆ ಮಾತ್ರವೆಂದು ಬಾಯಿಬಿಟ್ಟೇ ಹೇಳುತ್ತಿದ್ದಾನೆ. ಇಂಥ ಪ್ರಾಮಾಣಿಕತೆ ಲಕಿಲಿಗಿಲ್ಲ. ಆದರೆ ನಮ್ಮ ಪತ್ರಿಕೆಗಳು ಈ ಎರಡನ್ನೂ ಮನೆಮಾತಿಗೆ ಬಿಟ್ಟು, ಗೋಡೆ ಕುಸಿದಾಗಲೆಲ್ಲ 'ಅದೃಷ್ಟವಶಾತ್ ಯಾವುದೇ ಪ್ರಾಣಹಾನಿ ಸಂಭವಿಸಿಲ್ಲ' ಎಂದೇ ಬರೆಯುತ್ತವೆ.

ಸಿದ್ಧಾಂತ

ರ್‍ಯಾಂಡಲ್ಫ್ ಕ್ವರ್ಕ್ ಮತ್ತು ಸಂಗಡಿಗರು 1985ರ ತಮ್ಮ ಬೃಹತ್ ವ್ಯಾಕರಣದಲ್ಲಿ ಈ ಪದಗಳನ್ನು 'ಡಿಸ್‌ಜಂಕ್ಟ್' ಎಂಬ ವರ್ಗಕ್ಕೆ ಸೇರಿಸಿದರು. ಇವು ಕ್ರಿಯೆಗೆ ಅಂಟಿಕೊಳ್ಳದೆ, ಅರಳಿಕಟ್ಟೆಯಲ್ಲಿ ಕೂತವರಂತೆ ದೂರದಿಂದಲೇ ಇಡೀ ವಾಕ್ಯದ ಮೇಲೆ ಅಭಿಪ್ರಾಯ ಕೊಡುತ್ತವೆ. ಆದ್ದರಿಂದ ಅದೃಷ್ಟಾವ್ಯಯದ ನೆಮ್ಮದಿ ಹೇಳುವವನದು, ಬಿದ್ದವನದಲ್ಲ. ಆಸ್ಪತ್ರೆಯಲ್ಲಿ ಮಲಗಿದವನು 'ಅದೃಷ್ಟವಶಾತ್ ಕಾಲು ಮಾತ್ರ ಮುರಿಯಿತು' ಎಂದು ತಾನಾಗಿ ಹೇಳುವುದಿಲ್ಲ. ನೋಡಲು ಬಂದ ನೆಂಟರು ಹೇಳುತ್ತಾರೆ.

ಹೀಗಾಗಿ ಇಂಥ ವಾಕ್ಯ ಕಂಡಲ್ಲೆಲ್ಲ ಮೂರು ಪ್ರಶ್ನೆ ಕೇಳತಕ್ಕದ್ದು. ಉಳಿದವರು ಯಾರು? ಉಳಿಸಿದ್ದು ಯಾವುದು? ಗೋಡೆ ಕಟ್ಟಿದವರು ಯಾರು? ಮೊದಲನೆಯದಕ್ಕೆ ವಾಕ್ಯವೇ ಉತ್ತರಿಸುತ್ತದೆ, ಎರಡನೆಯದಕ್ಕೆ ಅವ್ಯಯ ಉತ್ತರಿಸುತ್ತದೆ. ಮೂರನೆಯದು ಕೇಳುವಷ್ಟರಲ್ಲಿ ಓದುಗ ಉಸಿರು ಬಿಟ್ಟು ಪುಟ ತಿರುಗಿಸಿರುತ್ತಾನೆ. ವಾಕ್ಯದ ತಲೆಯ ಮೇಲೆ ಸಿಕ್ಕ ಆಸನ ಈ ಸೇವೆಗಾಗಿಯೇ. ಇದನ್ನು ವ್ಯಾಕರಣದಲ್ಲಿ ಕರ್ತೃಲೋಪ ಎನ್ನುತ್ತಾರೆ. ಗುತ್ತಿಗೆದಾರರ ಪರಿಭಾಷೆಯಲ್ಲಿ, ಬಿಲ್ ಪಾಸಾಯಿತು ಎನ್ನುತ್ತಾರೆ.