ಪೂರ್ವೋದ್ಯೋಗ ಪ್ರಾಮಾಣ್ಯ ಮೀಮಾಂಸೆ

ಉದ್ಯೋಗಾರ್ಥಿಯು ಹಿಂದೆ ಎಲ್ಲಿಯೋ ದುಡಿದಿದ್ದನೆಂಬ ಯಥಾರ್ಥಜ್ಞಾನವು ತ್ರಿವಿಧ ಪ್ರಮಾಣಗಳಿಂದ ಸಿದ್ಧಿಸುತ್ತದೆ: ಶಿಲಾಪ್ರಮಾಣ, ಪತ್ರಪ್ರಮಾಣ, ಸಾವ್ಕಾರಪ್ರಮಾಣ.

ಶಿಲಾಪ್ರಮಾಣಕ್ಕೆ ದೃಷ್ಟಾಂತ ಮಸ್ಕಿ. ಊರೂರ ಬಂಡೆಗಳ ಮೇಲೆ ‘ದೇವಾನಾಂಪ್ರಿಯ’ ಎಂಬಂಥ ಬಿರುದಷ್ಟೇ ಬರೆಸಿ ಹೆಸರಿನ ಕಾಲಂ ಖಾಲಿ ಬಿಟ್ಟಿದ್ದ ಅಭ್ಯರ್ಥಿಯೊಬ್ಬನಿದ್ದ. ಇವನೇ ಅಶೋಕನೆಂದು ವಿದ್ವಾಂಸರು ಸಿಂಹಳದ ಗ್ರಂಥಗಳಿಂದ ತರ್ಕಿಸಿದ್ದರು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಮಸ್ಕಿಯ ಶಾಸನ ಕಂಡ. ಅದರಲ್ಲಿ ಹೆಸರೇ ಇತ್ತು. ಪರಿಶೀಲನಾವಧಿ: ಎರಡು ಸಾವಿರ ವರ್ಷಕ್ಕೂ ಮೇಲೆ. ಫಲಿತಾಂಶ: ತಾಳೆಯಾಗಿದೆ.

ಪತ್ರಪ್ರಮಾಣಕ್ಕೆ ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿ. ಸರ್ಕಾರದ ಕಂಪನಿ; ಕಾಯಂ ನೌಕರನಿಗೆ ಕಾಗದವುಂಟು. ಕಾಗದವಿದ್ದವನಿಗೆ ಮೀಮಾಂಸೆ ಏಕೆ? ಮುಂದಕ್ಕೆ ಹೋಗೋಣ.

ಸಾವ್ಕಾರಪ್ರಮಾಣವು ಸಿಂಧನೂರಿನ ಭತ್ತದ ದಲ್ಲಾಳಿ ಅಂಗಡಿಯಲ್ಲಿ ನೆಲೆಸಿದೆ. ಹುಡುಗನ ಪೂರ್ವೋದ್ಯೋಗ ತಾಳೆ ನೋಡುವ ಏಜೆನ್ಸಿಯಿಂದ, ಬೆಂಗಳೂರಿನಿಂದ ಫೋನು ಬರುತ್ತದೆ.

“ಯಾವ ತಾರೀಕಿಗೆ ಕೆಲಸಕ್ಕೆ ಸೇರಿದ್ರು ಸರ್?”

“ತಾರೀಕು ಯಾರಿಗೆ ನೆಪ್ಪೈತ್ರಿ? ಡ್ಯಾಮಿಂದು ಗೇಟು ಕೊಚ್ಚಿ ಹೋತಲ್ಲ, ಅದರ ಮುಂಚಿನ ಸುಗ್ಗಿಗೆ ಬಂದಾನ. ಚಲೋ ಹುಡುಗ.”

ತುಂಗಭದ್ರೆಯ 19ನೇ ಗೇಟು ಕೊಚ್ಚಿಹೋದದ್ದು 2024ರ ಆಗಸ್ಟ್ 10ರ ರಾತ್ರಿ. ಎಡದಂಡೆ ಕಾಲುವೆ ನಂಬಿ ಬದುಕುವ ಊರಿನಲ್ಲಿ ಇದಕ್ಕಿಂತ ಗಟ್ಟಿ ಸಾಕ್ಷ್ಯ ಯಾವುದಿದೆ? ಆದರೆ ನಮೂನೆಯಲ್ಲಿ ತಾರೀಕಿಗೆ ಎಂಟು ಚೌಕಗಳಿವೆ, ಗೇಟಿಗೆ ಒಂದೂ ಇಲ್ಲ. ಷರಾ: ತಾಳೆಯಾಗಿಲ್ಲ.

ಇನ್ನು ಸಾವ್ಕಾರಪ್ರಮಾಣದ ಉಪಭೇದಗಳು, ಮೌಖಿಕ, ಅರ್ಧಮೌಖಿಕ... ಬಿಡಿ, ಸಾಕು. ಈ ತಾಳೆ ನೋಡುವುದಕ್ಕೆ ಕಾನೂನು ಪಾಲನೆ ಅನ್ನುತ್ತೀರಲ್ಲ, ಪಾಲಿಸಬೇಕಾದವರು ಯಾರು? ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ನಮ್ಮದೇ ಕಾಯ್ದೆ, ಕೆಲಸಕ್ಕಿಟ್ಟುಕೊಂಡ 30 ದಿನದೊಳಗೆ ನೇಮಕಾತಿ ಆದೇಶ ಕೊಡಬೇಕೆನ್ನುತ್ತದೆ. ಕೊಟ್ಟಿರಾ ಎಂದು ಸಾವ್ಕಾರರನ್ನು ಕೇಳುವ ಫೋನು ಇವತ್ತಿನವರೆಗೂ ಬಂದಿಲ್ಲ. ಆಳು 20 ಆದರೆ ಪಿಎಫ್ ಕಟ್ಟಬೇಕಾದೀತೆಂದು ಹಾಜರಿ ಪುಸ್ತಕವನ್ನು 19ಕ್ಕೇ ನಿಲ್ಲಿಸುವ ಗಣಿತವನ್ನು ಯಾವ ಏಜೆನ್ಸಿಯೂ ತಾಳೆ ನೋಡುವುದಿಲ್ಲ. ತಪ್ಪು ಮಾಲೀಕನದು, ಬಯೋಡೇಟಾದ ‘ಗ್ಯಾಪ್’ ಹುಡುಗನದು! ವ್ಯಕ್ತಿಯ ದತ್ತಾಂಶ ಕಾಪಾಡಲು 2023ರಲ್ಲಿ ಬೇರೊಂದು ಕಾಯ್ದೆಯೂ ಬಂತು. ಇವನದು ಕಾಪಾಡುವುದಕ್ಕಾದರೂ ಎಲ್ಲಾದರೂ ದಾಖಲಾಗಬೇಕಲ್ಲ?

ಅಷ್ಟು ಸುಗ್ಗಿ ಚೀಲ ತೂಗಿ ಲೆಕ್ಕ ಬರೆದವನು ಈಗ ಬಯೋಡೇಟಾದಿಂದ ಆ ಸಾಲು ಅಳಿಸಿ, ‘ಫ್ರೆಶರ್’ ಎಂದು ಬರೆದುಕೊಂಡಿದ್ದಾನೆ. ಅದು ಮಾತ್ರ ಮರುದಿನವೇ ತಾಳೆಯಾಯಿತು.